ಒಂಬತ್ತನೆಯ ಪ್ರಶ್ನೆಗೆ ಅಕ್ಕ ಬರೆದ ಉತ್ತರ

ಜೂನ್ ೧೧

ಅಕ್ಕಾ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಕಾಗದವಾದರೆ ಹರಿದು ಹಾಕುವ ಮುಂಚೆ ನಾಲ್ಕು ಸಾಲಾದರೂ ಕಣ್ಣಿಗೆ ಬಿದ್ದೀತು ಎಂದು ಎರಡು ವರ್ಷದ ಮೇಲೆ ಪೆನ್ನು ಹಿಡಿದಿದ್ದೇನೆ. ಅದಕ್ಕೇ ಮುಖ್ಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ನನಗೊಂದು ಪ್ರಶಸ್ತಿ ಬರುವ ಹಾಗಿದೆ. ಅದಕ್ಕೆ ನಾನು ಅರ್ಜಿ ಹಾಕಿಲ್ಲ. ಹಾಕಿದವಳು ನೀನು.

ಸೋಮವಾರ ಅಣಬೆಗೆ ಹುಲ್ಲು ಬೇಯಿಸುವ ಡ್ರಮ್ಮಿನ ಪಕ್ಕ ನಿಂತಿದ್ದೆ, ಮೊಣಕೈವರೆಗೂ ಒದ್ದೆ. ಅಂಚೆಯವನು ಉದ್ದನೆಯ ಲಕೋಟೆ ತಂದ. ನನ್ನ ಅವತಾರ ನೋಡಿ ಅದನ್ನು ಗಂಟಕ್ಕನ ಕೈಗೆ ಕೊಟ್ಟ. ಚೀಲದ ಬಾಯಿ ಕಟ್ಟುವ ಕೆಲಸ ಈಗಲೂ ಅವಳದೇ. ಅವಳು ಹಾಕಿದ ಗಂಟನ್ನು ಈಗಲೂ ಅವಳೇ ಬಿಚ್ಚಬೇಕು. ಲಕೋಟೆ ಮೂಸಿ ನೋಡಿ, "ಸರ್ಕಾರದ್ದೇ ಕಣಮ್ಮ, ಅಂಟಿನ ವಾಸನೆ" ಎಂದಳು.

ಈ ವರ್ಷದ ಯುವ ಕೃಷಿಕರ ಪ್ರಶಸ್ತಿಯಂತೆ. ಬೇಸಾಯವನ್ನು ಉದ್ಯಮವಾಗಿ ಬೆಳೆಸಿದ್ದಕ್ಕೆ, ನಾಯಕತ್ವ ತೋರಿದ್ದಕ್ಕೆ. ಕೊನೆಯ ಆರು ಜನರ ಪಟ್ಟಿಯಲ್ಲಿ ನಾನಿದ್ದೇನೆ, ಅದರಲ್ಲಿ ಮೂವರಿಗೆ ಕೊಡುತ್ತಾರೆ. ಪರೀಕ್ಷಕರು ಜಾಗ ನೋಡಲು ಬರುತ್ತಾರೆ. ಹನ್ನೊಂದು ಪುಟದ ಅರ್ಜಿಯಲ್ಲಿ ಮೊದಲ ಎರಡು ಪುಟದ ನಕಲು ಕಳಿಸಿ, ವಿವರ ಸರಿಯಿದೆ ಎಂದು ಸಹಿ ಹಾಕಲು ಹೇಳಿದ್ದಾರೆ.

ಅಕ್ಷರ ನೋಡಿದ ಕೂಡಲೇ ಗೊತ್ತಾಯಿತು. ಅಣಬೆಯ 'ಣ'ವನ್ನು ಕೋಳಿ ಕಾವಿಗೆ ಕೂತ ಹಾಗೆ ಬರೆಯುವವರು ಈ ಭೂಮಿಯ ಮೇಲೆ ಒಬ್ಬರೇ.

ಆದರೆ ಬರೆದದ್ದೇನು? "ಉದ್ಯಮ ಆರಂಭಿಸಿದವರು" ಎಂಬಲ್ಲಿ ನನ್ನ ಹೆಸರು. "ಪಾಲುದಾರರು" ಎಂಬಲ್ಲಿ "ಯಾರೂ ಇಲ್ಲ". ಮೊದಲ ಹನ್ನೆರಡು ಅಣಬೆ ಚೀಲ ನೇತುಹಾಕಿದ್ದು ನೀನು, ನಮ್ಮ ಮನೆಯ ಬಚ್ಚಲಲ್ಲಿ. ಒಂದು ತಿಂಗಳು ಮನೆಯವರೆಲ್ಲ ಪಕ್ಕದ ಮನೆಗೆ ಸ್ನಾನಕ್ಕೆ ಹೋಗಿದ್ದೆವು. ಆಗ ನಾನು ಬಟ್ಟೆ ಅಂಗಡಿಯಲ್ಲಿ ಗಿರಾಕಿ ಕೆದರಿದ್ದನ್ನು ಮಡಿಸಿಡುವ ಕೆಲಸದಲ್ಲಿದ್ದೆ, ನಿನ್ನನ್ನು ನೋಡಿ ನಗುತ್ತಿದ್ದೆ. ನನ್ನ ಕೈ ಹಿಡಿದು ಎಳೆದು ತಂದವಳು ನೀನು. ಈಗ ನಿನ್ನನ್ನು ನೀನೇ ಅಳಿಸಿದ್ದೀಯ.

ಇದು ಪ್ರೀತಿಯೋ, ಚುಚ್ಚುಮಾತೋ, ನನಗೆ ತಲೆಬುಡ ತಿಳಿಯುತ್ತಿಲ್ಲ. ದೊಡ್ಡಮ್ಮನನ್ನು ಕೇಳಿದೆ. "ಅವಳು ನನ್ನ ಹೊಟ್ಟೇಲಿ ಹುಟ್ಟಿದವಳು, ನಿನ್ನನ್ನು ನಾನು ಸಾಕಿದ್ದು. ಇಬ್ಬರ ನಡುವೆ ನಾನೇನು ಅಂಚೆಪೆಟ್ಟಿಗೆನಾ? ನೀನೇ ಬರಿ" ಎಂದಳು. ನಾಯಕತ್ವ ಅಂದರೇನು ಎಂದು ಕೇಳಿದ್ದಕ್ಕೆ, "ಎಲ್ಲರಿಗಿಂತ ಜೋರಾಗಿ ಕೂಗೋದು. ನಿಂಗೆ ಸಿಗುತ್ತೆ ಬಿಡು" ಎಂದಳು.

ಯಾಕೆ ಹಾಕಿದೆ, ಅಷ್ಟು ಹೇಳು ಸಾಕು.

ನಿನ್ನ ತಂಗಿ


ಜೂನ್ ೨೪

ಮೊಂಡಿ,

ಕಾಗದ ಹರಿಯಲಿಲ್ಲ. ಪೂರ್ತಿ ಓದಿದೆ.

ಹೌದು, ನಾನೇ. ಬಸ್ ನಿಲ್ದಾಣದಲ್ಲಿ ನನ್ನ ಟಿಕೆಟ್ ಕೌಂಟರಿನ ಎದುರು ಒಂದು ಕಂಬವಿದೆ. ಅದರ ಮೇಲೆ ಆ ಪ್ರಶಸ್ತಿಯ ಪೋಸ್ಟರ್ ಅಂಟಿಸಿದರು. ಟ್ರ್ಯಾಕ್ಟರಿನ ಮೇಲೆ ಕೂತು ಒಬ್ಬ ಹಲ್ಲು ಕಿರಿಯುತ್ತಿದ್ದಾನೆ. ದಿನಕ್ಕೆ ಎಂಟು ಗಂಟೆ ಅವನ ಮುಖ ನೋಡಬೇಕು. ನೋಡಿ ನೋಡಿ ನಿಯಮಗಳು ಬಾಯಿಪಾಠವಾದವು. ವಯಸ್ಸು ಮೂವತ್ತೈದು ದಾಟಿರಬಾರದು. ಆರಂಭಿಸಿದವರು ಇಬ್ಬರಿದ್ದರೆ ಇಬ್ಬರ ದಾಖಲೆಯೂ ಬೇಕು. ನನಗೆ ಮೂವತ್ತೊಂಬತ್ತು. ನನ್ನ ಹೆಸರು ಹಾಕಿದ್ದರೆ ಅರ್ಜಿ ಅಲ್ಲೇ ಬಿದ್ದುಹೋಗುತ್ತಿತ್ತು. ಅಳಿಸಿದ್ದಕ್ಕೆ ಅಷ್ಟೇ ಕಾರಣ. ದೊಡ್ಡದು ಮಾಡಬೇಡ.

ನನ್ನ ಆರೋಗ್ಯ ಹೇಗಿದೆ ಎಂದು ನೀನು ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ. ರೂಮಿಗೆ ಇಪ್ಪತ್ತೆರಡು ಮೆಟ್ಟಿಲು. ನಡುವೆ ನಿಲ್ಲದೆ ಹತ್ತುತ್ತೇನೆ.

ಪರೀಕ್ಷಕರು ಬಂದಾಗ ಮಾತು ಕಡಿಮೆ ಆಡು. ನಿನಗೆ ಕಷ್ಟ, ಗೊತ್ತು. ಅವರು ಕೇಳಿದ್ದಕ್ಕೆ ತಲೆ ಆಡಿಸು.

ಇಂತಿ,
ಅಕ್ಕ


ಜುಲೈ ೧೯

ಅಕ್ಕಾ,

ತಲೆ ಆಡಿಸು ಎಂದೆ. ಆಡಿಸಿ ಸಿಕ್ಕಿಹಾಕಿಕೊಂಡಿದ್ದೇನೆ. ಏನು ಮಾಡಿಟ್ಟಿದ್ದೀಯ ನೀನು?

ನಿನ್ನೆ ಮೂವರು ಬಂದರು. ಒಬ್ಬರು ನಿವೃತ್ತ ಕೃಷಿ ಅಧಿಕಾರಿ. ಕಂಡದ್ದನ್ನೆಲ್ಲ ಪೆನ್ನಿನಿಂದ ತಟ್ಟಿ ನೋಡುತ್ತಾರೆ, ಚೀಲ, ಬಾಗಿಲು, ನೀರಿನ ಪೈಪು. ಇನ್ನೊಬ್ಬರು ಬ್ಯಾಂಕಿನವರು, ಒಳಗೆ ಬಂದಾಗಿನಿಂದ ಮೂಗಿಗೆ ಕರವಸ್ತ್ರ. ಮೂರನೆಯವರು ಕೃಷಿ ಕಾಲೇಜಿನಲ್ಲಿ ಪಾಠ ಹೇಳುವ, ದಪ್ಪ ಕನ್ನಡಕದ ಮೇಡಂ.

ಮೊದಲು ಎಲ್ಲ ಚೆನ್ನಾಗಿತ್ತು. ಚೀಲದೊಳಗೆ ಹುಲ್ಲು ಬೆಳ್ಳಗಾಗುವ ಕತ್ತಲೆ ಕೊಠಡಿ ತೋರಿಸಿದೆ, ಅಣಬೆ ಮೂಡುವ ಮೂರು ಕೊಠಡಿ ತೋರಿಸಿದೆ. ನಮ್ಮಿಂದ ಕಲಿತು, ನಮ್ಮಿಂದಲೇ ಬೀಜ ಒಯ್ದು ಮನೆಯ ಹಿಂದೆ ಶೆಡ್ ಹಾಕಿಕೊಂಡ ಏಳು ಮನೆಗಳ ವಿಷಯ ಹೇಳಿದೆ. ಅವರ ಬೆಳೆಯನ್ನೂ ನಾನೇ ಹೋಟೆಲುಗಳಿಗೆ ಸಾಗಿಸುತ್ತೇನೆ ಎಂದೆ. ಬ್ಯಾಂಕಿನವರು ಕರವಸ್ತ್ರದ ಒಳಗಿಂದಲೇ "ಭೇಷ್" ಎಂದರು.

ಆಗ ಮೇಡಂ, "ಒಂಬತ್ತನೇ ಪ್ರಶ್ನೆಗೆ ನೀವು ಕೊಟ್ಟ ಉತ್ತರ ನಂಗೆ ತುಂಬಾ ಹಿಡಿಸ್ತು. ಅದನ್ನ ಕಣ್ಣಾರೆ ನೋಡ್ಬೇಕು" ಎಂದರು.

"ಯಾವುದು ಮೇಡಂ?"

"ಅದೇ, ಫ್ಯಾನುಗಳು."

ನನಗೆ ಫ್ಯಾನೆಂದರೆ ದೊಡ್ಡಮ್ಮನ ಮಂಚದ ಪಕ್ಕದ ಟೇಬಲ್ ಫ್ಯಾನೇ ನೆನಪಿಗೆ ಬಂದದ್ದು. ಮೇಡಂ ಹಾಳೆ ತೆಗೆದು ಓದಿದರು. ಪ್ರಶ್ನೆ: ನೀವು ಕೈಗೊಂಡ ಅತ್ಯಂತ ಕಷ್ಟದ ನಿರ್ಧಾರ ಯಾವುದು? ಉತ್ತರ: "ಜೊತೆಗೆ ದುಡಿಯುತ್ತಿದ್ದ ಒಬ್ಬರಿಗೆ ಅಣಬೆಯ ಧೂಳಿನಿಂದ ಉಸಿರಿನ ತೊಂದರೆ ಬಂತು. ಡಾಕ್ಟರ ಚೀಟಿ ಓದಿದ ದಿನವೇ ಕೊಯ್ಲು ನಿಲ್ಲಿಸಿದೆ. ಬಂದಿದ್ದ ದೊಡ್ಡ ಆರ್ಡರನ್ನು ಬಿಟ್ಟುಕೊಟ್ಟೆ. ಕೊಠಡಿಗೆ ಎರಡರಂತೆ ಗಾಳಿ ಹೊರಹಾಕುವ ಆರು ಫ್ಯಾನು ಹಾಕಿಸಿ, ಮಾಸ್ಕ್ ಇಲ್ಲದೆ ಯಾರೂ ಒಳಗೆ ಕಾಲಿಡಬಾರದೆಂದು ಕಟ್ಟುನಿಟ್ಟು ಮಾಡಿದೆ."



ಮೂವರೂ ನನ್ನ ಮುಖ ನೋಡುತ್ತಿದ್ದರು. ನಾನೇನು ಹೇಳಿದೆ ಗೊತ್ತಾ? "ರಿಪೇರಿಗೆ ಹೋಗಿವೆ ಮೇಡಂ."

"ಆರೂ?"

"ಆರೂ ಒಂದೇ ಸಲ ಕೆಟ್ಟವು."

"ವೋಲ್ಟೇಜು" ಎಂದು ಬ್ಯಾಂಕಿನವರು ತಲೆಯಾಡಿಸಿದರು. "ನಮ್ಮನೇಲೂ ಇದೇ ಗೋಳು."

ಮೇಡಂ ಗೋಡೆ ನೋಡಿದರು. ಈ ಕೊನೆಯಿಂದ ಆ ಕೊನೆಯವರೆಗೆ ಕಣ್ಣು ಹಾಯಿಸಿದರು. ಫ್ಯಾನು ಬಿಚ್ಚಿಕೊಂಡು ಹೋಗಿದ್ದರೆ ಅದು ಕೂತಿದ್ದ ತೂತಾದರೂ ಉಳಿಯಬೇಕಲ್ಲ? ನಮ್ಮ ಗೋಡೆ ತಟ್ಟೆಯ ಹಾಗೆ ನುಣ್ಣಗಿತ್ತು. ಅವರು ಪುಸ್ತಕದಲ್ಲಿ ಏನೋ ಬರೆದುಕೊಂಡು, ಗಂಟಕ್ಕನನ್ನು ಎರಡು ಮಾತು ಕೇಳಿ, ಟೀ ಕುಡಿಯದೆ ಹೊರಟರು.

ನಡೆಯದೇ ಇರುವುದನ್ನು ಯಾಕೆ ಬರೆದೆ? ನನ್ನನ್ನು ನಾಲ್ಕು ಜನರ ಮುಂದೆ ಕಳ್ಳಿ ಮಾಡಬೇಕೆಂದೇ ಬರೆದೆಯಾ? ಹಾಗಿದ್ದರೆ ನೇರವಾಗಿ ಹೇಳು. ಹಾಗಲ್ಲದಿದ್ದರೂ ಹೇಳು. ಮಧ್ಯದಲ್ಲಿ ನೇತಾಡುವುದು ನನ್ನಿಂದಾಗದು.

ತಂಗಿ


ಆಗಸ್ಟ್ ೨

ಮೊಂಡಿ,

ನಾಲ್ಕು ಸಲ ಬರೆದು ಬಿಟ್ಟ ಕಾಗದ ಇದು. ಈ ಸಲ ಮುಗಿಸುತ್ತೇನೆ.

ಮಾರ್ಚ್ ತಿಂಗಳಲ್ಲಿ ಒಂದು ಮಧ್ಯಾಹ್ನ ಕೌಂಟರಿನ ಮುಂದೆ ಯಾರೋ ಬಗ್ಗಿ, "ಎದೆ ಆಸ್ಪತ್ರೆಗೆ ಯಾವ ಬಸ್ಸಮ್ಮ?" ಎಂದರು. ಗಾಜು ಗೀಚಿಹೋಗಿದೆ, ಆ ಕಡೆಯವರ ಮುಖ ಸರಿಯಾಗಿ ಕಾಣುವುದಿಲ್ಲ. ನಾನು ಟಿಕೆಟ್ ಹರಿಯುವಷ್ಟರಲ್ಲಿ ಅವರು ಕೆಮ್ಮಿದರು. ಮೂರು ಒಣ ಕೆಮ್ಮು, ಆಮೇಲೆ ಉಸಿರು ಎಳೆಯುವ ಸದ್ದು. ಆ ಕೆಮ್ಮು ನನಗೆ ಗೊತ್ತು. ಎರಡು ವರ್ಷ ಅದರ ಜೊತೆ ಮಲಗಿ ಎದ್ದಿದ್ದೇನೆ. ಬಗ್ಗಿ ನೋಡಿದೆ. ಗಂಟಕ್ಕ.

"ಅಯ್ಯೋ, ನೀನಾ!" ಎಂದಳು. ಆಮೇಲೆ ಹಿಂದೆ ನಿಂತವರಿಗೆ ಕೇಳಿಸದಂತೆ, "ನಿನ್ನ ತಂಗಿಗೆ ಹೇಳ್ಬೇಡ, ಆಯ್ತಾ? ಕೆಲಸ ಬಿಡಿಸಿಬಿಡ್ತಾಳೆ. ಅಲ್ಲಿ ಕೂತು ನಾಲ್ಕು ಗಂಟು ಹಾಕಿದ್ರೇ ನಂಗೆ ದಿನ ಕಳೆಯೋದು" ಎಂದಳು. ಮಾತು ಕೊಟ್ಟೆ.

ಅದರ ಮರುವಾರ ಆ ಪೋಸ್ಟರ್ ಬಂತು.

ಒಂಬತ್ತನೆಯ ಪ್ರಶ್ನೆಗೆ ಮೊದಲು ನಿಜವನ್ನೇ ಬರೆದೆ. "ಅಕ್ಕ ಕೆಮ್ಮುತ್ತಿದ್ದಳು. ಈ ಆರ್ಡರ್ ಒಂದು ಮುಗೀಲಿ ಅಂದೆ. ಅದು ಮುಗಿದ ಮೇಲೆ ಇನ್ನೊಂದು ಬಂತು." ಓದಿ ನೋಡಿದೆ. ಇಂಥವಳಿಗೆ ಯಾರು ಪ್ರಶಸ್ತಿ ಕೊಡುತ್ತಾರೆ? ಆ ಪುಟ ಹರಿದು, ಕಚೇರಿಗೆ ಹೋಗಿ ಬೇರೆ ನಮೂನೆ ತಂದೆ. ಈ ಸಲ ಹೇಗೆ ನಡೆಯಬೇಕಿತ್ತೋ ಹಾಗೆ ಬರೆದೆ. ಬರೆಯುತ್ತ ಹೋದಂತೆ ಅದೇ ನಡೆದಿತ್ತೇನೋ ಅನ್ನಿಸತೊಡಗಿತು. ಪ್ರಯಾಣಿಕನೊಬ್ಬ "ಚಿಲ್ಲರೆ ಕೊಡಮ್ಮ, ಯಾಕೆ ಅಳ್ತಿದ್ದೀಯ?" ಎಂದಾಗಲೇ ಗೊತ್ತಾದದ್ದು.

ನಿನ್ನನ್ನು ಹೊಗಳಿದೆನೋ, ಬೈದೆನೋ, ಈಗ ಕೇಳಿದರೆ ನನಗೂ ಗೊತ್ತಿಲ್ಲ. ಎರಡೂ ಇದ್ದಿರಬೇಕು.

ಗಂಟಕ್ಕನಿಗೆ ಕೊಟ್ಟ ಮಾತು ಇವತ್ತು ಮುರಿದೆ. ನೀನು ಅವಳ ಮೇಲೆ ರೇಗಬೇಡ.

ಅಕ್ಕ


ಆಗಸ್ಟ್ ೯

ಅಕ್ಕಾ,

ಸರ್ಕಾರಕ್ಕೆ ಹನ್ನೊಂದು ಪುಟ ಬರೆಯಲು ನಿನ್ನ ಕೈ ಬಂತು. ನನಗೆ ಒಂದು ಕಾರ್ಡು ಬರೆಯಲು ಬರಲಿಲ್ಲ. "ಗಂಟಕ್ಕ ಕೆಮ್ಮುತ್ತಿದ್ದಾಳೆ, ನೋಡು" ಅಂತ ಮೂರೇ ಪದ. ಮಾರ್ಚಿನಿಂದ ಆಗಸ್ಟಿನವರೆಗೆ ಅವಳು ಅದೇ ಕೊಠಡಿಯಲ್ಲಿ ಕೂತಿದ್ದಳು. ಆ ಐದು ತಿಂಗಳು ಯಾರ ಲೆಕ್ಕಕ್ಕೆ, ನನ್ನದಕ್ಕೋ ನಿನ್ನದಕ್ಕೋ?

ಅವಳನ್ನು ಕೇಳಿದೆ. "ಏನಿಲ್ಲಮ್ಮ, ಸ್ವಲ್ಪ ನೆಗಡಿ" ಎಂದು ನಕ್ಕಳು. ನಗುವುದಕ್ಕೂ ಅವಳಿಗೆ ಉಸಿರು ಸಾಲುತ್ತಿರಲಿಲ್ಲ. ಇದನ್ನು ನಾನು ಇಷ್ಟು ದಿನ ನೋಡಿಯೇ ಇರಲಿಲ್ಲವೋ, ನೋಡಿಯೂ ನೋಡದ ಹಾಗೆ ಇದ್ದೆನೋ, ಯೋಚಿಸಿದರೆ ತಲೆ ಗಿರ್ ಎನ್ನುತ್ತದೆ.

ಹೆಚ್ಚು ಬರೆಯಲಾರೆ. ಕೋಪವಿದೆ. ಯಾರ ಮೇಲೆ ಎಂದು ತಿಳಿದ ಮೇಲೆ ಬರೆಯುತ್ತೇನೆ.


ಸೆಪ್ಟೆಂಬರ್ ೧೪

ಅಕ್ಕಾ,

ಹೋದ ಸಲ ಸಹಿ ಹಾಕದೆ ಕಳಿಸಿದ್ದೆ. ಕ್ಷಮಿಸು.

ಗಂಟಕ್ಕನನ್ನು ನಾನೇ ಎದೆ ಆಸ್ಪತ್ರೆಗೆ ಕರೆದುಕೊಂಡು ಹೋದೆ. ನೀನಿಲ್ಲದ ದಿನ ನೋಡಿ ಹೋದೆ, ನಿನ್ನ ಕೌಂಟರಿನ ಮುಂದೆ ನಿಲ್ಲುವ ಧೈರ್ಯ ಇರಲಿಲ್ಲ. ಇನ್ನೂ ಕೈಮೀರಿಲ್ಲ, ಆ ಧೂಳಿನಿಂದ ದೂರ ಇದ್ದರೆ ಇಳಿಯುತ್ತದೆ ಎಂದರು ಡಾಕ್ಟರು. ಅವಳನ್ನು ಕೊಠಡಿಯಿಂದ ಹೊರಗೆ ತಂದು, ರಸ್ತೆ ಬದಿಯ ಮಾರಾಟದ ಮೇಜಿನ ಹತ್ತಿರ ಕೂರಿಸಿದೆ. ಒಳ್ಳೆಯದು ಮಾಡಿದೆ ಅಂದುಕೊಂಡೆ. ಅವಳು ಎರಡು ವಾರ ನನ್ನ ಜೊತೆ ಮಾತು ಬಿಟ್ಟಳು. "ನನ್ನ ಕೈಗೇನು ರೋಗ ಬಂದಿದೆ? ಕೂಸನ್ನ ಕೂರಿಸಿದ ಹಾಗೆ ಕೂರಿಸಿದ್ದೀಯ" ಎಂದಳು. ಕೈ ಸುಮ್ಮನಿರದೆ ಮೇಜಿನ ಮೇಲಿನ ಖಾಲಿ ಚೀಲಗಳಿಗೆಲ್ಲ ಗಂಟು ಹಾಕಿಟ್ಟಿದ್ದಾಳೆ. ಗಿರಾಕಿಗಳು ಅಣಬೆ ಕೈಯಲ್ಲಿ ಹಿಡಿದುಕೊಂಡು ಹೋಗುತ್ತಿದ್ದಾರೆ.

ಫ್ಯಾನು ಹಾಕಿಸಿದೆ. ಆರು. ಗೋಡೆ ಕೊರೆಯುವವನು ಮೂರು ದಿನ ಕೊರೆದ. ಮೊದಲ ವಾರ ಗಾಳಿ ಹೆಚ್ಚಾಗಿ ಅಣಬೆ ಒಣಗಿ, ಅಂಚು ಸೀಳಿ, ಹಳೇ ಚಪ್ಪಲಿಯ ಹಾಗಾಯಿತು. ಹೋಟೆಲಿನವರು ವಾಪಸು ಕಳಿಸಿದರು. ಈಗ ಗಂಟೆಗೆ ಹತ್ತು ನಿಮಿಷ ಮಾತ್ರ ತಿರುಗಿಸಿ, ನೀರು ಹೆಚ್ಚು ಸಿಂಪಡಿಸುತ್ತಿದ್ದೇವೆ. ಅಣಬೆಯ ಕೊಡೆ ಪೂರ್ತಿ ಅರಳಿದ ಮೇಲೆಯೇ ಧೂಳು ಉದುರುವುದು ಅಲ್ಲವೇ, ಅದಕ್ಕೆ ಒಂದು ದಿನ ಮೊದಲೇ ಕೊಯ್ಯುತ್ತಿದ್ದೇವೆ. ತೂಕ ಕಡಿಮೆ ಬರುತ್ತದೆ. ಬರಲಿ.

ಇನ್ನು ಪ್ರಶಸ್ತಿ. ಮೂವರಲ್ಲಿ ನಾನೊಬ್ಬಳಂತೆ! ಕಾಗದ ಬಂದ ದಿನ ದೊಡ್ಡಮ್ಮ ಬೀದಿಯ ಎರಡೂ ಕೊನೆಗೆ ಹೋಗಿ ಹೇಳಿ ಬಂದಳು. ನಾನು ಮಾತ್ರ ಕಚೇರಿಗೆ ಹೋದೆ, ಇದು ಬೇಡ ಎನ್ನಲು. ಅಲ್ಲೊಬ್ಬ ಅಧಿಕಾರಿ, ಮೇಜಿನ ತುಂಬ ಕಡತ. "ಸಾರ್, ಒಂಬತ್ತನೇ ಉತ್ತರ ಸುಳ್ಳು. ಅವತ್ತು ನಮ್ಮಲ್ಲಿ ಫ್ಯಾನೇ ಇರಲಿಲ್ಲ" ಎಂದೆ.

"ಈಗ ಇದೆಯಾ?"

"ಈಗಿದೆ."

"ಎಷ್ಟು?"

"ಆರು."

ಅವರು ಅರ್ಜಿಯ ಮೇಲೆ ಬೆರಳಿಟ್ಟು ನೋಡಿದರು. "ಇಲ್ಲೂ ಆರು ಅಂತಾನೇ ಇದೆ. ಮತ್ತೇನಮ್ಮ ತೊಂದರೆ? ಎಲ್ಲಾ ಸರಿಯಾಗಿದೆಯಲ್ಲ?"

"ಸಾರ್, ಅದು ಆಮೇಲೆ ಹಾಕಿಸಿದ್ದು. ಅರ್ಜಿಯಲ್ಲಿರೋದು ಎರಡು ವರ್ಷದ ಹಿಂದಿನ ಮಾತು."

"ಪ್ರಶಸ್ತಿ ಈ ವರ್ಷದ್ದು ತಾನೇ? ಹೋಗಿ ಬನ್ನಿ. ಆಹ್ವಾನ ಪತ್ರ ಪ್ರಿಂಟಿಗೆ ಹೋಗಿದೆ." ಆಮೇಲೆ ಗುಟ್ಟು ಹೇಳುವ ಹಾಗೆ, "ನಿಮಗೆ ನಾಯಕತ್ವಕ್ಕೆ ಇಬ್ಬರು ಪೂರ್ತಿ ಅಂಕ ಕೊಟ್ಟಿದ್ದಾರೆ, ಒಬ್ಬರು ಸೊನ್ನೆ. ಆದ್ರೂ ಬಂತು ನೋಡಿ" ಎಂದರು.

ಆ ಸೊನ್ನೆ ಯಾರು ಕೊಟ್ಟದ್ದೆಂದು ನನಗೆ ಗೊತ್ತು. ನನಗೆ ಅವರೊಬ್ಬರ ಮೇಲೇ ಗೌರವ ಉಳಿದಿದೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಸುಳ್ಳು ಹೇಳಿದಾಗ ಅವರೊಬ್ಬರನ್ನು ಬಿಟ್ಟು ಯಾರೂ ಹಿಡಿಯಲಿಲ್ಲ, ನಿಜ ಹೇಳಿದರೆ ಯಾರಿಗೂ ಬೇಡ. ಎಲ್ಲಿ ಕೈಕಾಲು ಊರಬೇಕೋ ತಿಳಿಯುತ್ತಿಲ್ಲ ಅಕ್ಕ.

ಒಂದು ಮಾತು ಉಳಿದಿದೆ. ಅದಕ್ಕೇ ಇಷ್ಟೆಲ್ಲ ಸುತ್ತಿ ಬಳಸಿ ಬರೆದೆ.

ನೀನು ಹೋಗುವ ಹಿಂದಿನ ದಿನ ಡಾಕ್ಟರ ಚೀಟಿಯನ್ನು ನನ್ನ ಮೇಜಿನ ಮೇಲೆ ಇಟ್ಟಿದ್ದೆ. ಸಂಜೆ "ಓದಿದೆಯಾ?" ಎಂದು ಕೇಳಿದೆ. ನಾನು "ಇಲ್ಲ, ಪುರುಸೊತ್ತಾಗಲಿಲ್ಲ" ಎಂದೆ. ಓದಿದ್ದೆ ಅಕ್ಕ. ಎರಡು ಸಲ ಓದಿದ್ದೆ. ಮರುದಿನ ಹೊಸ ಹೋಟೆಲಿಗೆ ಮೊದಲ ಲೋಡು ಹೋಗಬೇಕಿತ್ತು, ಕೊಯ್ಯಲು ನಿನ್ನ ಕೈ ಬೇಕಿತ್ತು. ಇನ್ನೊಂದು ದಿನ ತಡೆದು ಓದಿದೆ ಎಂದರಾಯಿತು ಅಂದುಕೊಂಡೆ. ಬೆಳಿಗ್ಗೆ ನೀನಿರಲಿಲ್ಲ.

ತಂಗಿ


ಸೆಪ್ಟೆಂಬರ್ ೩೦

ಮೊಂಡಿ,

ನೀನು ಓದಿದ್ದೆ ಎಂದು ನನಗೆ ಗೊತ್ತಿತ್ತು. ನಿನ್ನ ಮುಖಕ್ಕೆ ಸುಳ್ಳು ಒಗ್ಗುವುದಿಲ್ಲ, ಚಿಕ್ಕಂದಿನಿಂದ ನೋಡಿದ್ದೇನೆ. ನಾನು ಹೊರಟದ್ದು ಕೆಮ್ಮಿಗಲ್ಲ. ಕೆಮ್ಮಿಗೆ ಔಷಧಿಯಿದೆ. "ಇಲ್ಲ" ಎಂದೆಯಲ್ಲ, ಅದನ್ನು ಕೇಳಿದ ಮೇಲೆ ಆ ಮನೆಯಲ್ಲಿ ಇನ್ನೊಂದು ಹೊತ್ತು ಊಟ ಮಾಡುವುದು ನನ್ನಿಂದಾಗಲಿಲ್ಲ.

ನಿನ್ನನ್ನು ಕ್ಷಮಿಸಿದ್ದೇನೆ ಎಂದು ಈ ಕಾಗದದಲ್ಲಿ ಬರೆದರೆ ಚೆನ್ನಾಗಿರುತ್ತಿತ್ತು. ಬರೆಯಲು ಕೂತರೆ ಪೆನ್ನು ಓಡುತ್ತಿಲ್ಲ. ಒಮ್ಮೊಮ್ಮೆ ಎಲ್ಲ ಮರೆತಿದ್ದೇನೆ ಅನ್ನಿಸುತ್ತದೆ. ಬಸ್ಸಿನ ಹೊಗೆ ಮೂಗಿಗೆ ಹೋಗಿ ಉಸಿರು ಕಟ್ಟಿದಾಗ ಮತ್ತೆ ಮೊದಲಿಂದ ಶುರು.

ಐದು ತಿಂಗಳು ಯಾರ ಲೆಕ್ಕಕ್ಕೆ ಎಂದು ಕೇಳಿದ್ದೆ. ನನ್ನದಕ್ಕೆ. ನಿನಗೆ ಕಾರ್ಡು ಬರೆಯಬಹುದಿತ್ತು. ಬರೆದರೆ ಮತ್ತೆ "ಓದಲಿಲ್ಲ" ಎನ್ನುತ್ತೀಯ ಎಂಬ ಹೆದರಿಕೆ. ಸರ್ಕಾರದ ಲಕೋಟೆಯನ್ನು ನೀನು ಓದದೆ ಬಿಡುವವಳಲ್ಲ.

ಈಗ ನಿನ್ನ ಮೊದಲ ಪ್ರಶ್ನೆಗೆ ಬರುತ್ತೇನೆ, ಯಾಕೆ ಹಾಕಿದೆ ಎಂದಿದ್ದೆಯಲ್ಲ. ಗಂಟಕ್ಕನಿಗೆ ನಾನು ಅವತ್ತೇ ಗಾಜಿನ ತೂತಿನಿಂದ ಹೇಳಿದೆ, ಆ ಕೊಠಡಿಗೆ ಹೋಗಬೇಡ ಅಂತ. "ನಿನ್ನ ತಂಗಿ ಹೇಳ್ಲಿ, ನೋಡೋಣ" ಎಂದಳು. ಅವಳಷ್ಟೇ ಅಲ್ಲ. ಆ ಏಳು ಮನೆಯವರೂ ಅಷ್ಟೇ. ಮೊದಲು ಅವರಿಗೆ ಬೀಜ ಹಾಕಲು ಕಲಿಸಿದವಳು ನಾನು. ಆದರೆ ನಾನು ಹೇಳಿದರೆ "ಹೌದಾ?" ಎನ್ನುತ್ತಿದ್ದರು, ನೀನು ಹೇಳಿದರೆ ಎದ್ದು ಹೋಗಿ ಮಾಡುತ್ತಿದ್ದರು. ಅದು ಯಾಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ, ಹೊಟ್ಟೆಕಿಚ್ಚು ಪಟ್ಟಿದ್ದೇನೆ. ಅರ್ಜಿಯಲ್ಲಿ ನಾಯಕತ್ವ ಎಂಬ ಜಾಗ ತುಂಬುವಾಗ ಒಂದಕ್ಷರವೂ ಸುಳ್ಳು ಬರೆಯಬೇಕಾಗಲಿಲ್ಲ.

ನಿನ್ನ ಕೊಠಡಿಗೆ ಫ್ಯಾನು ಬಂತು. ಆ ಏಳು ಶೆಡ್ಡುಗಳಿಗೆ ಕಿಟಕಿಯೂ ಇಲ್ಲ. ಅವರು ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡು ಕೊಯ್ಯುತ್ತಾರೆ. ನಾನು ಹೋಗಿ ಹೇಳಲೇ, ನೀನು ಹೇಳುತ್ತೀಯಾ?

ಅಕ್ಕ


ನವೆಂಬರ್ ೬

ಅಕ್ಕಾ,

ಪ್ರಶಸ್ತಿ ತೆಗೆದುಕೊಂಡೆ. ಬೈಯಬೇಡ, ಮೊದಲು ಕೇಳು.

ದೊಡ್ಡ ಸಭಾಂಗಣ, ಮುಂದಿನ ಸಾಲಿನಲ್ಲಿ ಮೆತ್ತನೆಯ ಕುರ್ಚಿ. ನನ್ನ ಒಂದು ಪಕ್ಕದಲ್ಲಿ ಆಡು ಸಾಕುವವನು, ಇನ್ನೊಂದು ಪಕ್ಕದಲ್ಲಿ ತರಕಾರಿ ಸಸಿ ಬೆಳೆಸಿ ಮಾರುವವಳು. ಇಬ್ಬರೂ ನನಗಿಂತ ಚಿಕ್ಕವರು. ನನ್ನ ಸರದಿ ಬಂದಾಗ ನೀನು ಬರೆದದ್ದನ್ನೇ ಮೈಕಿನಲ್ಲಿ ಓದಿದರು. "ಡಾಕ್ಟರ ಚೀಟಿ ಓದಿದ ದಿನವೇ" ಎಂದಾಗ ಸಭೆಯೆಲ್ಲ ಚಪ್ಪಾಳೆ. ದೊಡ್ಡಮ್ಮ ಅಳುತ್ತಿದ್ದಳು. ಅವಳಿಗೆ ನಡೆದದ್ದು ಗೊತ್ತು, ಆದರೂ ಅಳುತ್ತಿದ್ದಳು. ಯಾವುದಕ್ಕೆ ಎಂದು ನಾನು ಕೇಳಲಿಲ್ಲ.

ಫಲಕ ಕೈಗೆ ಕೊಟ್ಟು ಎರಡು ಮಾತಾಡಿ ಎಂದರು. "ಇದನ್ನ ಶುರು ಮಾಡಿದ್ದು ನಾನಲ್ಲ, ನಮ್ಮಕ್ಕ. ಈಗ ಓದಿದ್ದು ನಡೆದಿಲ್ಲ. ನಾನು ಚೀಟಿ ಓದಿ ಸುಮ್ಮನಿದ್ದೆ. ಅಕ್ಕ ಕೆಮ್ಮಿಕೊಂಡೇ ಮನೆ ಬಿಟ್ಟು ಹೋದ್ಲು" ಎಂದೆ. ಸಭೆಯವರು ಮೊದಲಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು! "ಎಷ್ಟು ವಿನಯ ನೋಡಿ" ಎಂದು ಮೈಕಿನವರು ಮುಂದಿನ ಹೆಸರು ಕರೆದರು. ನಾನು ಫಲಕ ಹಿಡಿದು ಇಳಿದು ಬಂದೆ. ಅದನ್ನು ಅಲ್ಲೇ ಬಿಟ್ಟು ಬರಬೇಕಿತ್ತೇನೋ. ಕೈ ಬಿಡಲಿಲ್ಲ. ಆಸೆಯೂ ಇತ್ತು ಅಕ್ಕ, ಸುಳ್ಳು ಯಾಕೆ ಹೇಳಲಿ.

ಮೆಟ್ಟಿಲ ಹತ್ತಿರ ಆ ದಪ್ಪ ಕನ್ನಡಕದ ಮೇಡಂ ನಿಂತಿದ್ದರು. "ಗೋಡೆಗೆ ತೂತು ಕೊರೆಸಿದ್ರಾ?"

"ಕೊರೆಸಿದೆ ಮೇಡಂ."

"ಆ ಏಳು ಮನೆ?"

"ನಾಳೆ ಹೋಗ್ತೀನಿ."

"ನಾಳೆ ಅಂದ್ರೆ ನಾಳೇನೇ" ಎಂದರು. ನೀನು ಮಾತಾಡಿದ ಹಾಗೇ ಕೇಳಿಸಿತು.

ಮರುದಿನ ಹೋದೆ. ಒಂದೊಂದು ಮನೆಯಲ್ಲೂ ಮೊದಲು ನನ್ನ ಕಥೆ ಹೇಳಿದೆ, ಆಮೇಲೆ ಧೂಳಿನ ಕಥೆ. ಮಾಸ್ಕ್ ಕೊಟ್ಟೆ. ಕಿಟಕಿ ಕೊರೆಯಲು ನಮ್ಮ ಗೋಡೆ ಕೊರೆದವನನ್ನೇ ಕಳಿಸುತ್ತೇನೆ, ಒಂದು ದಿನ ಮೊದಲೇ ಕೊಯ್ದರೂ ಮಾಲು ನಾನೇ ಒಯ್ಯುತ್ತೇನೆ ಎಂದೆ. ನಾಲ್ಕು ಮನೆಯವರು ಆಗಲಿ ಎಂದರು. ಇಬ್ಬರು ಹೆದರಿ ಅಣಬೆಯೇ ಬೇಡವೆಂದು ಅವತ್ತೇ ಚೀಲ ಹೊರಗೆ ಎಸೆದರು. ಅದರಲ್ಲೊಬ್ಬಳಿಗೆ ಅದೊಂದೇ ಕಸುಬು. ಅವಳು ಚೀಲ ಎಸೆಯುವುದನ್ನು ನೋಡುತ್ತ ನಿಂತಿದ್ದೆ. ಒಳ್ಳೆಯದು ಮಾಡುತ್ತಿದ್ದೇನೋ, ಅನ್ನ ಕಿತ್ತುಕೊಳ್ಳುತ್ತಿದ್ದೇನೋ ಅರ್ಥವಾಗಲಿಲ್ಲ.

ಏಳನೆಯದು ಕೆರೆ ದಾರಿಯ ಮನೆ. ನೀನು ಮೊಟ್ಟಮೊದಲು ಕಲಿಸಿದ್ದು ಆ ಗಂಡ ಹೆಂಡತಿಗೆ. ಗಂಡ ಬಾಗಿಲಲ್ಲೇ ನಿಂತು ಎಲ್ಲ ಕೇಳಿದ. "ಅಂದ್ರೆ, ನಿಮ್ಮಕ್ಕಂಗೆ ಕಾಯಿಲೆ ಅಂತ ಗೊತ್ತಿದ್ದೂ ನೀನು ಸುಮ್ನಿದ್ದೆ?"

"ಹೌದು."

"ಅದಾದ ಮೇಲೂ ನಮಗೆ ಬೀಜ ಮಾರಿದೆ?"

"ಹೌದು."

"ಮತ್ತೆ ನಿಂಗೆ ಯಾಕಮ್ಮ ಪ್ರಶಸ್ತಿ ಕೊಟ್ರು?"

ಅವನು ಬಾಗಿಲು ಹಾಕಿಕೊಂಡ. ಒಳಗೆ ಅವನ ಹೆಂಡತಿ ಕೆಮ್ಮುತ್ತಿದ್ದಳು.

ಮೂರು ಸಲ ಹೋಗಿದ್ದೇನೆ. ಮೂರು ಸಲವೂ ಬಾಗಿಲು ತೆಗೆಯಲಿಲ್ಲ. ಎಲ್ಲರೂ ನನ್ನ ಮಾತು ಕೇಳುತ್ತಾರೆ ಎಂದಿದ್ದೆಯಲ್ಲ, ಕೇಳದವರೂ ಇದ್ದಾರೆ. ಏನು ಮಾಡಲಿ?

ನಿನ್ನ ತಂಗಿ


ನವೆಂಬರ್ ೧೭

ಮೊಂಡಿ,

ಭಾನುವಾರ ನನಗೆ ರಜೆ. ಹತ್ತೂವರೆಯ ಬಸ್ಸಿಗೆ ಬರುತ್ತೇನೆ. ಕೆರೆ ದಾರಿಯ ಮನೆಗೆ ನಾನು ಹೋಗುತ್ತೇನೆ, ನೀನು ಹಿಂದೆ ಬಾ. ಅವನು ಬಾಗಿಲು ತೆಗೆಯದಿದ್ದರೆ ಹೊರಗೆ ನಿಂತು ಅವನ ಹೆಂಡತಿಯ ಜೊತೆ ಮಾತಾಡುತ್ತೇನೆ. ಆ ಕೆಮ್ಮಿಗೆ ಏನು ಹೇಳಬೇಕೆಂದು ನಿನಗಿಂತ ನನಗೆ ಚೆನ್ನಾಗಿ ಗೊತ್ತು.

ನಿನ್ನ ಕೊಠಡಿಗಳ ಒಳಗೆ ಬರುವುದಿಲ್ಲ. ಡಾಕ್ಟರು ಬೇಡವೆಂದಿದ್ದಾರೆ, ನನಗೂ ಮನಸ್ಸಿಲ್ಲ. ಫಲಕ ತೋರಿಸಬೇಡ. ಅಮ್ಮನಿಗೆ ಈಗಲೇ ಹೇಳಬೇಡ, ಊರೆಲ್ಲ ಸೇರಿಸುತ್ತಾಳೆ.

ಆ ಹೆಂಗಸಿಗೋಸ್ಕರ ಬರುತ್ತಿದ್ದೇನೋ, ನಿನಗೋಸ್ಕರವೋ ಎಂದು ಕೇಳಬೇಡ. ಟಿಕೆಟ್ ನಾನೇ ಹರಿದುಕೊಂಡಿದ್ದೇನೆ, ಸದ್ಯಕ್ಕೆ ಗೊತ್ತಿರುವುದು ಅಷ್ಟೇ.

ನೀನು ಬಸ್ ಸ್ಟಾಪಿಗೆ ಬಾ. ಈ ಬಸ್ಸು ಯಾವತ್ತೂ ಹೊತ್ತಿಗೆ ಸರಿಯಾಗಿ ಬಂದದ್ದಿಲ್ಲ. ತಡವಾಯಿತೆಂದು ಕೆಲಸ ನೆನಪು ಮಾಡಿಕೊಂಡು ಹೊರಟುಬಿಡಬೇಡ. ನಾನು ಇಳಿಯುವವರೆಗೂ ಅಲ್ಲೇ ನಿಂತಿರು.

ನಿನ್ನ ಅಕ್ಕ